ರಾತ್ರಿ ಹತ್ತರ ಮೇಲೆ ಮಕ್ಕಳು ಹೊರಗಿದ್ದರೆ ಯಾರನ್ನು ಕೇಳುತ್ತಾರೆ?

ನವರಾತ್ರಿಗೆ ನಾಲ್ಕು ದಿನ ಇರುವಾಗ ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿಯ ಲಿಫ್ಟಿನೊಳಗೆ ಒಂದು ನೋಟಿಸು ಬಂತು. ಮರಾಠಿಯಲ್ಲಿ ಟೈಪು ಮಾಡಿದ ಅರ್ಧ ಹಾಳೆ, ನಾಲ್ಕು ಮೂಲೆಗೂ ಕಂದು ಟೇಪು. ರಾತ್ರಿ 10ರ ನಂತರ 18 ವರ್ಷದೊಳಗಿನವರು ಗೇಟಿನ ಹೊರಗೆ ಕಂಡರೆ ಪೊಲೀಸರು ಕರೆದೊಯ್ಯುತ್ತಾರೆ, ದಂಡವನ್ನು ತಂದೆತಾಯಿ ಕಟ್ಟಬೇಕು, ಕಾನೂನೇ ಹಾಗಿದೆ ಎಂಬುದು ಅದರ ಸಾರಾಂಶ. ಯಾವ ಕಾನೂನು, ಎಷ್ಟನೇ ಕಲಮು, ಯಾರ ಸಹಿ, ಒಂದೂ ಇಲ್ಲ.

ಮೂರನೇ ಮಹಡಿಯ ಕುಂದಾಪುರದ ತಾಯಿಯೊಬ್ಬರು ಅದರ ಫೋಟೊ ತೆಗೆದು ನನಗೆ ಕಳಿಸಿದರು. ಅವರ ಮಗ ಹನ್ನೊಂದನೇ ಕ್ಲಾಸು. ದಾದರಿನಲ್ಲಿ ಕೋಚಿಂಗ್ ಮುಗಿಯುವುದೇ ಒಂಬತ್ತೂವರೆಗೆ. ಸ್ಲೋ ಲೋಕಲ್ ಹಿಡಿದು, ಸ್ಟೇಷನ್ನಿನಿಂದ ನಡೆದು ಮನೆ ಸೇರುವಾಗ ಹತ್ತೂವರೆ ಆಗೇ ಆಗುತ್ತದೆ. 'ಅವ್ನನ್ನ ಹಿಡಿದ್ರೆ ನಾವು ದಂಡ ಕಟ್ಬೇಕಾ ಮಾರಾಯ್ರೆ?' ಎಂದು ಕೇಳಿದರು. ಕಾಯ್ದೆಯ ಕಾಗದಪತ್ರ ಓದುವುದು ನನ್ನ ಹೊಟ್ಟೆಪಾಡು, ಆದ್ದರಿಂದ ಇಂಥ ಪ್ರಶ್ನೆಗಳು ನನ್ನ ಬಾಗಿಲಿಗೇ ಬರುತ್ತವೆ.

ಕಟ್ಟಬೇಕಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಅದೇ ಹುಡುಗ ಅದೇ ಹೊತ್ತಿಗೆ ಅಪ್ಪನ ಸ್ಕೂಟರನ್ನು ತಾನೇ ಓಡಿಸಿಕೊಂಡು ಬಂದಿದ್ದರೆ ಉತ್ತರ ಪೂರ್ತಿ ಬೇರೆ. ಹೀಗಾಗಿ ಬುಡದಿಂದಲೇ ಶುರುಮಾಡೋಣ.

ಕರ್ಫ್ಯೂ ಎಂದರೆ ಯಾವುದು

ಪದ ಫ್ರೆಂಚಿನದು. ಮೂಲದಲ್ಲಿ ಅದರ ಅರ್ಥ 'ಬೆಂಕಿ ಮುಚ್ಚು'. ಮರದ ಮನೆಗಳ ಹಳೆಯ ಯುರೋಪಿನ ಪೇಟೆಗಳಲ್ಲಿ ಸಂಜೆ ಗಂಟೆ ಬಾರಿಸಿದರೆ ಒಲೆಯ ಬೆಂಕಿ ಮುಚ್ಚಿ ಒಳಗಿರಬೇಕಿತ್ತು. ನಮ್ಮಜ್ಜಿ ಮಲಗುವ ಮುಂಚೆ ಕೆಂಡದ ಮೇಲೆ ಬೂದಿ ಎಳೆಯುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ, ಇಡೀ ಊರಿಗೆ ಒಂದೇ ಹೊತ್ತಿಗೆ.

ಮುಂಬಯಿಯ ಮರಾಠಿಯಲ್ಲಿ ಇದಕ್ಕೆ ಎರಡು ಪದಗಳಿವೆ. ಇಲ್ಲಿ ಹುಟ್ಟಿಬೆಳೆದ ಕನ್ನಡಿಗರೂ ಅವನ್ನೇ ಬಳಸುತ್ತಾರೆ. 'ಜಮಾವಬಂದಿ' ಎಂದರೆ ಗುಂಪು ಸೇರಬಾರದು, ಒಬ್ಬರೇ ನಡೆದುಹೋದರೆ ಅಡ್ಡಿಯಿಲ್ಲ. 'ಸಂಚಾರಬಂದಿ' ಎಂದರೆ ಓಡಾಟವೇ ನಿಂತಂತೆ. ಕನ್ನಡ ಪತ್ರಿಕೆಗಳು ಮೊದಲನೆಯದನ್ನು ನಿಷೇಧಾಜ್ಞೆ ಎಂದೂ ಎರಡನೆಯದನ್ನು ಕರ್ಫ್ಯೂ ಎಂದೂ ಬರೆಯುತ್ತವೆ. ಬಾಯಿಮಾತಿನಲ್ಲಿ ಮಾತ್ರ ಎರಡೂ ಕಲೆತು '144 ಹಾಕಿದ್ದಾರೆ' ಎಂದಾಗಿಬಿಡುತ್ತದೆ.

ಆ 144 ಈಗ 144 ಅಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅದರಲ್ಲಿ ಇದೇ ಅಧಿಕಾರಕ್ಕೆ 163ನೇ ಕಲಮು. ಮುಂಬಯಿ, ಪುಣೆಯಂಥ ಕಮಿಷನರೇಟಿನ ಊರುಗಳಲ್ಲಿ ಪೊಲೀಸ್ ಅಧಿಕಾರಿಗಳೇ ಈ ಆದೇಶ ಹೊರಡಿಸುತ್ತಾರೆ, ಬೇರೆ ಕಡೆ ಜಿಲ್ಲಾಡಳಿತ. ಕಾರಣವನ್ನು ಬರಹದಲ್ಲಿ ಕೊಡಬೇಕು. ಒಂದು ಆದೇಶದ ಆಯುಷ್ಯ ಎರಡು ತಿಂಗಳು, ತೀರ ಬೇಕಾದರೆ ರಾಜ್ಯ ಸರ್ಕಾರ ಇನ್ನೂ ಆರು ತಿಂಗಳವರೆಗೆ ಎಳೆಯಬಹುದು. ಇಂಥ ಆದೇಶಗಳನ್ನು ಜನರಿಗೆ ಸಿಗುವಂತೆ ಪ್ರಕಟಿಸಬೇಕು, ಅಪಾಯ ಎಷ್ಟೋ ನಿರ್ಬಂಧವೂ ಅಷ್ಟೇ ಇರಬೇಕು ಎಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಕಾಶ್ಮೀರದ ಪ್ರಕರಣವೊಂದರಲ್ಲಿ ಹೇಳಿದೆ. ಆದೇಶ ಮುರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಡಿ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಜೀವಕ್ಕೆ ಅಪಾಯ ತರುವಂಥದ್ದಾದರೆ ಒಂದು ವರ್ಷ, 5,000 ರೂಪಾಯಿ.

ಮುಂಬಯಿಗರು ಇದನ್ನು ಕಂಡಿಲ್ಲದವರಲ್ಲ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಯ ಕರ್ಫ್ಯೂವನ್ನು ಹೋಟೆಲಿನ ಮೇಲಟ್ಟದಲ್ಲಿ ಕೂತು ಕಳೆದವರು ಈಗಲೂ ಕತೆ ಹೇಳುತ್ತಾರೆ. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರ್ 22ರಿಂದ 2021ರ ಜನವರಿ 5ರವರೆಗೆ, ರಾಜ್ಯದ ಮಹಾನಗರಪಾಲಿಕೆ ಪ್ರದೇಶಗಳಲ್ಲಿ ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಕರ್ಫ್ಯೂ ಇತ್ತು. ಎರಡಕ್ಕೂ ಮೊದಲ ದಿನ, ಕೊನೆಯ ದಿನ ಇದ್ದವು. ಎರಡೂ ಎಂಬತ್ತರ ಅಜ್ಜನಿಗೂ ಎಂಟರ ಹುಡುಗನಿಗೂ ಸಮಾನವಾಗಿ ಅನ್ವಯಿಸಿದವು.

ಲಿಫ್ಟಿನ ನೋಟಿಸು ಹೇಳುತ್ತಿದ್ದದ್ದು ಮೂರನೆಯದೊಂದು ಬಗೆ. ವರ್ಷವಿಡೀ, ವಯಸ್ಸು ನೋಡಿ, ಮಕ್ಕಳಿಗೆ ಮಾತ್ರ. ಅಂಥ ಕಾಯಂ ಕಾನೂನು ಮುಂಬಯಿಯಲ್ಲೂ ಇಲ್ಲ, ಪುಣೆಯಲ್ಲೂ ಇಲ್ಲ. ದೇಶದೊಳಗೆ ಮುಕ್ತವಾಗಿ ಓಡಾಡುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಕೊಟ್ಟಿದೆ. ನಾಗರಿಕ ಎನಿಸಿಕೊಳ್ಳಲು ಹದಿನೆಂಟು ತುಂಬಬೇಕಿಲ್ಲ, ತುಂಬಬೇಕಾದದ್ದು ಮತ ಹಾಕಲು. ಆ ಓಡಾಟವನ್ನು ತಡೆಯಬೇಕಾದರೆ ಹಿಂದೊಂದು ಕಾನೂನು ಬೇಕು. ಕಂದು ಟೇಪು ಸಾಲದು.

ಹಾಗಾದರೆ 'ಹತ್ತು ಗಂಟೆ' ಎಲ್ಲಿಂದ ಬಂತು

ಗಾಳಿಯಿಂದ ಬಂದದ್ದಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ 'ರಾತ್ರಿ' ಎಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಗಳಿಗೆಂದು ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಗಣೇಶೋತ್ಸವ, ನವರಾತ್ರಿಯ ಕೆಲವು ರಾತ್ರಿಗಳಲ್ಲಿ ಹನ್ನೆರಡರವರೆಗೆ ಡೋಲು ಕೇಳುವುದೂ ಉಳಿದ ದಿನ ಹತ್ತಕ್ಕೆ ಪೆಂಡಾಲು ಥಟ್ಟನೆ ಮೌನವಾಗುವುದೂ ಇದರಿಂದಲೇ.

ದಾಂಡಿಯಾ ಹತ್ತಕ್ಕೆ ನಿಲ್ಲುತ್ತದೆ, ಪೊಲೀಸರು ಬಂದು ಮನೆಗೆ ಹೊರಡಿ ಎನ್ನುತ್ತಾರೆ, ಮಕ್ಕಳು ಮನೆಗೆ ಬರುತ್ತಾರೆ. ಹತ್ತು ವರ್ಷ ಹೀಗೇ ನಡೆದರೆ ಸ್ಪೀಕರಿನ ನಿಯಮ ಮಗುವಿನ ನಿಯಮದಂತೆ ಕಾಣುವುದು ಸಹಜ.

'ರಾತ್ರಿ ಹೊರಗಿದ್ದರೆ ಕೇಸು' ಎಂಬ ನಂಬಿಕೆಗೆ ಇನ್ನೊಂದು ಬೇರು ಮಹಾರಾಷ್ಟ್ರ ಪೊಲೀಸ್ ಕಾಯ್ದೆಯಲ್ಲಿದೆ. 1951ರ ಈ ಕಾಯ್ದೆಯ 122ನೇ ಕಲಮು ಸೂರ್ಯಾಸ್ತದಿಂದ ಸೂರ್ಯೋದಯದ ನಡುವಿನ ಕೆಲವು ನಡತೆಗಳನ್ನು ಅಪರಾಧ ಎನ್ನುತ್ತದೆ. ಅಪರಾಧದ ಉದ್ದೇಶದಿಂದ ಮುಖ ಮುಚ್ಚಿಕೊಂಡಿರುವುದು, ಮನೆ ಮುರಿಯುವ ಸಲಕರಣೆ ಇಟ್ಟುಕೊಂಡಿರುವುದು, ಸರಿಯಾದ ಕಾರಣ ಹೇಳಲಾಗದೆ ಯಾರದೋ ಕಟ್ಟಡದೊಳಗೆ ಸಿಗುವುದು ಇತ್ಯಾದಿ. ಕತ್ತಲು ಒಂದೇ ಸಾಲದು, ಜೊತೆಗೆ ಇನ್ನೊಂದು ಸಂಗತಿ ಇರಲೇಬೇಕು. ಬ್ಯಾಗಿನಲ್ಲಿ ಫಿಸಿಕ್ಸ್ ಪುಸ್ತಕ ಹೊತ್ತು ನಡೆಯುವುದು ಆ ಪಟ್ಟಿಯಲ್ಲಿಲ್ಲ.

ಮಕ್ಕಳ ಕರ್ಫ್ಯೂ ಇರುವ ಊರುಗಳು

ಅಮೆರಿಕದಲ್ಲಿ ಇದು ಹಳೆಯ ವಿಷಯ. ನೆಬ್ರಾಸ್ಕ ರಾಜ್ಯದ ಓಮಾಹಾ ನಗರ 1880ರಲ್ಲೇ ಇಂಥ ನಿಯಮ ತಂದಿತ್ತು. ಈಗಲೂ ಅಲ್ಲಿನ ಅನೇಕ ನಗರಗಳಲ್ಲಿ ಹದಿನೇಳು ವರ್ಷದ ಹುಡುಗ ನಡುರಾತ್ರಿ ಬೀದಿಯಲ್ಲಿ ಸಿಕ್ಕರೆ ಅವನಿಗೆ ನೋಟಿಸು, ಕೆಲವು ಕಡೆ ತಂದೆತಾಯಿಗೂ ದಂಡ. ಆದರೆ ಟೆಕ್ಸಸ್ ರಾಜ್ಯ 2023ರಲ್ಲಿ ಊರುಗಳು ಮಕ್ಕಳ ಕರ್ಫ್ಯೂ ಹೇರುವುದನ್ನೇ ನಿಲ್ಲಿಸಿತು. ನಮ್ಮ ಮೊಬೈಲಿಗೆ ಬರುವ ಇಂಥ ಬಹುಪಾಲು ಸಂದೇಶಗಳ ಹುಟ್ಟೂರು ಅಮೆರಿಕವೇ ಎಂಬುದು ನನ್ನ ಗುಮಾನಿ.

ಐಸ್‌ಲ್ಯಾಂಡಿನದು ಇನ್ನೊಂದು ದಾರಿ. ಅಲ್ಲಿ 12 ವರ್ಷದವರೆಗಿನ ಮಕ್ಕಳು ದೊಡ್ಡವರ ಜೊತೆಯಿಲ್ಲದೆ ರಾತ್ರಿ 8ರ ನಂತರ, 13ರಿಂದ 16ರವರು 10ರ ನಂತರ ಹೊರಗಿರಬಾರದು. ಬೇಸಿಗೆಯಲ್ಲಿ ಎರಡು ಗಂಟೆ ರಿಯಾಯಿತಿ. ಶಾಲೆಯ ಚಟುವಟಿಕೆ ಮುಗಿಸಿ ಮನೆಗೆ ಹೋಗುತ್ತಿದ್ದರೆ ಪರವಾಗಿಲ್ಲ. ಬೀದಿಯಲ್ಲಿ ಗಸ್ತು ತಿರುಗುವವರು ಎಷ್ಟೋ ಕಡೆ ತಂದೆತಾಯಿಗಳೇ.

ಕೆಲಸಕ್ಕೆ ಏಳು ಗಂಟೆ, ಬಾರಿಗೆ ಇಪ್ಪತ್ತೊಂದು ವರ್ಷ

ನಮ್ಮ ಕಾನೂನುಗಳಲ್ಲಿ ಮಕ್ಕಳ ರಾತ್ರಿಯ ಬಗ್ಗೆ ಏನೂ ಇಲ್ಲ ಎಂದಲ್ಲ. ಹುಡುಕುತ್ತ ಹೋದಾಗ ನನಗೆ ಕಂಡ ಸೋಜಿಗವೆಂದರೆ, ಗಡಿಯಾರವನ್ನು ಮಗುವಿನ ಕೈಗೆ ಕಟ್ಟಿಯೇ ಇಲ್ಲ. ಮಗುವಿನ ಸುತ್ತ ಇರುವ ದೊಡ್ಡವರಿಗೆ ಕಟ್ಟಿದ್ದಾರೆ.

ಎಲ್ಲಕ್ಕಿಂತ ಸ್ಪಷ್ಟವಾದದ್ದು ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ. 1986ರದು, 2016ರಲ್ಲಿ ತಿದ್ದುಪಡಿಯಾಗಿದೆ. 14 ತುಂಬದ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವಂತೆಯೇ ಇಲ್ಲ. ಶಾಲೆ ಮುಗಿಸಿ ಮನೆಯವರ ಕಸುಬಿಗೆ ಕೈಗೂಡಿಸುವುದಕ್ಕೂ ಮಕ್ಕಳು ನಟಿಸುವುದಕ್ಕೂ ಷರತ್ತಿನ ಮೇಲೆ ವಿನಾಯಿತಿ ಇದೆ. 14ರಿಂದ 18ರವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಆದರೆ ಸಂಜೆ 7ರಿಂದ ಬೆಳಗ್ಗೆ 8ರ ನಡುವೆ ದುಡಿಸುವಂತಿಲ್ಲ. ಓವರ್‌ಟೈಮ್ ಇಲ್ಲ. ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ಮಕ್ಕಳಿಗೆ ಸಂಬಂಧಿಸಿ ಇಷ್ಟು ನೇರವಾಗಿ ಗಂಟೆ ಹೇಳುವ ಬೇರೆ ನಿಯಮ ನನಗೆ ಸಿಗಲಿಲ್ಲ. ಮುರಿದರೆ ಸಿಕ್ಕಿಬೀಳುವವರು ಮಾಲೀಕರು.

ಮುಂಬಯಿ ಕನ್ನಡಿಗರು ಇದನ್ನು ಓದುವಾಗ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಕರಾವಳಿಯಿಂದ ಹದಿಮೂರು ಹದಿನಾಲ್ಕರ ಹುಡುಗರು ಬಂದು ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತದ್ದು ನಮ್ಮ ಹಿಂದಿನ ತಲೆಮಾರುಗಳ ಇತಿಹಾಸ. ಮೊಗವೀರರ ಸಂಸ್ಥೆಯೂ ಸೇರಿದಂತೆ ಹಲವು ಸಂಘಗಳು ಆ ಶಾಲೆಗಳನ್ನು ನಡೆಸಿದವು. ಕ್ಲಾಸು ಬಿಟ್ಟು ಆ ಹುಡುಗರು ರಸ್ತೆಗಿಳಿಯುತ್ತಿದ್ದದ್ದು ಕತ್ತಲಾದ ಎಷ್ಟೋ ಹೊತ್ತಿನ ಮೇಲೆ. ಮಕ್ಕಳ ಕರ್ಫ್ಯೂ ಇದ್ದಿದ್ದರೆ ತಪ್ಪುತ್ತಿದ್ದದ್ದು ಶಾಲೆ. ಇಂದಿನ ಕಾರ್ಮಿಕ ಕಾಯ್ದೆ ಇದ್ದಿದ್ದರೆ ತಪ್ಪುತ್ತಿದ್ದದ್ದು ಲೋಟ.

ಸೀರಿಯಲ್, ಸಿನಿಮಾದ ಬಾಲನಟರಿಗೂ ಲೆಕ್ಕವಿದೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಮೂರು ಗಂಟೆ ಆದ ಮೇಲೆ ವಿಶ್ರಾಂತಿ ಕೊಡಲೇಬೇಕು. ಗೋರೆಗಾಂವ್ ಕಡೆ ಮಗುವನ್ನು ಶೂಟಿಂಗಿಗೆ ಕರೆದೊಯ್ಯುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಮದ್ಯದ ವಿಷಯಕ್ಕೆ ಬಂದರೆ, ಮಹಾರಾಷ್ಟ್ರದಲ್ಲಿ ಬಿಯರಿನಂಥ ಸೌಮ್ಯ ಮದ್ಯಕ್ಕೆ 21 ವರ್ಷ, ಗಟ್ಟಿ ಮದ್ಯಕ್ಕೆ 25 ತುಂಬಿರಬೇಕು. ವಯಸ್ಸು ನೋಡುವ ಹೊಣೆ ಬಾರಿನವರದು. ತಂಬಾಕು 18ರ ಕೆಳಗಿನವರಿಗೆ ಮಾರುವಂತಿಲ್ಲ, ಶಾಲೆ ಕಾಲೇಜಿನಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. ಇದಕ್ಕಿಂತ ಬಿಗಿಯಾದದ್ದು 2015ರ ಬಾಲನ್ಯಾಯ ಕಾಯ್ದೆ. ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ ಅದರ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷದವರೆಗೆ ದಂಡ. ಮದ್ಯ ಸಾಗಿಸಲು ಮಗುವನ್ನು ಬಳಸುವುದೂ ಮುಂದಿನ ಕಲಮಿನಲ್ಲಿ ಅಪರಾಧವೇ. 'ಓಡು ಮಗಾ, ಮೂಲೆ ಅಂಗಡಿಯಿಂದ ಎರಡು ಬಾಟಲಿ ಹಿಡ್ಕೊಂಡು ಬಾ' ಎನ್ನುವ ಭಾನುವಾರದ ಮಾವಂದಿರು ಅದನ್ನೊಮ್ಮೆ ಓದಿಕೊಳ್ಳಬಹುದು.

ಗೋವಾದಲ್ಲಿ 2003ರ ಗೋವಾ ಮಕ್ಕಳ ಕಾಯ್ದೆ ಎಂಬುದೊಂದು ಪ್ರತ್ಯೇಕವಾಗಿಯೇ ಇದೆ. ಮನೆಯವರ ಅಥವಾ ರಕ್ತಸಂಬಂಧಿಗಳ ಜೊತೆ ಹೆಸರು ನೋಂದಾಯಿಸದೆ ಮಗುವನ್ನು ಹೋಟೆಲಿನ ಕೋಣೆಯೊಳಗೆ ಬಿಡಬಾರದು ಎನ್ನುತ್ತದೆ ಅದು. ಅಲ್ಲೂ ತಪ್ಪಿದರೆ ಹೋಟೆಲಿನವರು ಉತ್ತರ ಕೊಡಬೇಕು.

ಹೆತ್ತವರ ಹೊಣೆ ಎಲ್ಲಿಂದ ಶುರು

ಮಗ ತಡವಾಗಿ ಬಂದ ಎಂಬ ಒಂದೇ ಕಾರಣಕ್ಕೆ ತಂದೆತಾಯಿಗೆ ದಂಡ ಹಾಕುವ ಕಲಮು ಇಲ್ಲ. ಮಗು ಮಾಡಿದ ತಪ್ಪಿಗೆಲ್ಲ ಹೆತ್ತವರು ತಾವಾಗಿಯೇ ಹೊಣೆ ಎಂಬ ಸಾಮಾನ್ಯ ನಿಯಮವೂ ಇಲ್ಲ. ಮಗ ಕ್ರಿಕೆಟ್ ಆಡುತ್ತ ಪಕ್ಕದ ಮನೆಯ ಗಾಜು ಒಡೆದರೆ ಅಪ್ಪ ಮರ್ಯಾದೆಗೆ ದುಡ್ಡು ಕೊಡುತ್ತಾನೆ, ಅದು ನೆರೆಹೊರೆಯ ಧರ್ಮ. ಕೋರ್ಟಿಗೆ ಹೋದರೆ ಅಪ್ಪನ ಸ್ವಂತ ಅಜಾಗರೂಕತೆ ಏನಿತ್ತು ಎಂದು ತೋರಿಸಬೇಕಾಗುತ್ತದೆ. ಕಲಿಸಲೇಬೇಕು ಎಂದು ಹೇಳುವ 2009ರ ಶಿಕ್ಷಣ ಹಕ್ಕು ಕಾಯ್ದೆ ಕೂಡ 10ನೇ ಕಲಮಿನಲ್ಲಿ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ತಪ್ಪಿದರೆ ಶಿಕ್ಷೆ ಬರೆಯುವುದಿಲ್ಲ.

ಬಾಲನ್ಯಾಯ ಕಾಯ್ದೆಯ 75ನೇ ಕಲಮು ಬೇರೆ ಥರದ್ದು. ತನ್ನ ವಶದಲ್ಲಿರುವ ಮಗುವನ್ನು ಹೊಡೆದು ಬಡಿದು, ತೊರೆದು, ಅಥವಾ ಬೇಕೆಂದೇ ಅಲಕ್ಷಿಸಿ ಅದಕ್ಕೆ ನೋವಾಗುವಂತೆ ಮಾಡಿದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಇಲ್ಲಿನ ತೂಕವೆಲ್ಲ 'ಬೇಕೆಂದೇ' ಎಂಬ ಮಾತಿನ ಮೇಲೆ. ಕೋಚಿಂಗಿಗೆ ಕಳಿಸುವುದು ಅಲಕ್ಷ್ಯವಲ್ಲ. ನಾಲ್ಕು ವರ್ಷದ ಮಗುವನ್ನು ಪ್ಲಾಟ್‌ಫಾರ್ಮಿನಲ್ಲಿ ಕೂರಿಸಿ ಕುಡಿಯಲು ಹೋಗುವುದು ಅಲಕ್ಷ್ಯವಾಗಬಹುದು. 12 ತುಂಬದ ಮಗುವನ್ನು ತಂದೆತಾಯಿ ತೊರೆದುಬಿಟ್ಟರೆ ನ್ಯಾಯ ಸಂಹಿತೆಯ 93ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ.

ಇವೆಲ್ಲ ಹೆಚ್ಚಿನ ಮನೆಗಳ ಬಾಗಿಲಿಗೆ ಬರುವುದಿಲ್ಲ. ಬರುವುದು ಸ್ಕೂಟರಿನ ಚಾವಿ.

ನಮ್ಮ ಮೂರನೇ ಮಹಡಿಯ ಮನೆಯಲ್ಲೂ ಬಾಗಿಲ ಹಿಂದೆ ಮೊಳೆಯೊಂದಿದೆ. ಒಂದೇ ಮೊಳೆಗೆ ಮನೆಯ ಚಾವಿ, ಮೀಟರ್ ಪೆಟ್ಟಿಗೆಯ ಚಾವಿ, ಧರ್ಮಸ್ಥಳದ ಪದಕ ತೂಗುವ ಸ್ಕೂಟರಿನ ಚಾವಿ. 'ಹಾಲು ತರ್ಲಿಕ್ಕೆ ಇಲ್ಲೇ ನಾಕಾದವರೆಗೆ ಹೋಗ್ತಾನೆ ಅಷ್ಟೆ' ಎಂದರು ತಾಯಿ. ಆ 'ಅಷ್ಟೆ'ಗೆ ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿ 199ಎ ಎಂಬ ಹೊಸ ಕಲಮು ಸೇರಿಸಿದೆ.

ಅದು ಹೇಳುವುದಿಷ್ಟು: 18 ತುಂಬದವರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದೇ ಎಣಿಸಲಾಗುತ್ತದೆ. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. 'ಅಥವಾ ಮಾಲೀಕರು' ಎಂಬುದನ್ನು ಗಮನಿಸಿ. ಒಂದು ರೌಂಡು ಹೊಡೆದು ಬಾ ಎಂದು ಗಾಡಿ ಕೊಟ್ಟ ಪಕ್ಕದ ಮನೆಯ ಅಣ್ಣನೂ ಇದರೊಳಗೆ ಬರುತ್ತಾನೆ.

ಈ ಕಲಮಿನ ಹರಿತ ಇರುವುದು ಇನ್ನೊಂದು ಕಡೆ. ಸಾಮಾನ್ಯವಾಗಿ ಅಪರಾಧವನ್ನು ಸಾಬೀತು ಮಾಡಬೇಕಾದವರು ಪೊಲೀಸರು, ಆರೋಪಿ ಸುಮ್ಮನೆ ಕೂತರೂ ನಡೆಯುತ್ತದೆ. ಇಲ್ಲಿ ಕೋರ್ಟು ಪೋಷಕರ ಒಪ್ಪಿಗೆ ಇತ್ತು ಎಂಬ ಊಹೆಯಿಂದಲೇ ಹೊರಡುತ್ತದೆ. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಬಿಲ್ ತೋರಿಸಿ ಎಂದ ಹಾಗೆ, ಇಲ್ಲಿ ಬಿಲ್ ತೋರಿಸಬೇಕಾದವರು ನೀವು. ನನಗೆ ಗೊತ್ತೇ ಇರಲಿಲ್ಲ, ಅಥವಾ ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಎಂದು ನೀವೇ ರುಜುವಾತು ಮಾಡಬೇಕು. ಚಾವಿ ಬೀರುವಿನೊಳಗಿತ್ತೋ ಬಾಗಿಲ ಹಿಂದಿನ ಮೊಳೆಯಲ್ಲಿತ್ತೋ ಎಂಬುದು ಅಲ್ಲಿ ಸಣ್ಣ ಪ್ರಶ್ನೆಯಲ್ಲ.

16ಕ್ಕೆ ಗಾಡಿ ಓಡಿಸಬಹುದಂತಲ್ಲ ಎಂದು ಕೇಳುವವರಿದ್ದಾರೆ. ಓಡಿಸಬಹುದು, ಎಂಜಿನ್ 50 ಸಿಸಿ ದಾಟದಿದ್ದರೆ, ಲೈಸೆನ್ಸ್ ಇದ್ದರೆ. ನಮ್ಮ ಪಾರ್ಕಿಂಗಿನಲ್ಲಿ ನಿಂತಿರುವವು ನೂರು ಸಿಸಿ ದಾಟಿದವು. ಗಂಟೆಗೆ 25 ಕಿಲೋಮೀಟರ್ ಒಳಗಿನ, 250 ವಾಟ್‌ಗಿಂತ ಕಡಿಮೆ ಶಕ್ತಿಯ ಸಣ್ಣ ಎಲೆಕ್ಟ್ರಿಕ್ ಗಾಡಿಗಳು ಮೋಟಾರು ವಾಹನದ ಲೆಕ್ಕಕ್ಕೇ ಬರುವುದಿಲ್ಲ, ಉಳಿದ ಎಲೆಕ್ಟ್ರಿಕ್ ಸ್ಕೂಟರುಗಳು ಬರುತ್ತವೆ. ಅಪಘಾತವಾಗಿ ಪರಿಹಾರ ಕೊಡಬೇಕಾಗಿ ಬಂದರೆ, ಲೈಸೆನ್ಸ್ ಇಲ್ಲದ ಕಾರಣಕ್ಕೆ ವಿಮಾ ಕಂಪನಿ ಕೊಟ್ಟ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು. ಅಂಥ ಆದೇಶಗಳನ್ನು ಕೋರ್ಟುಗಳು ಕೊಟ್ಟಿವೆ.

ಪುಣೆಯ ಆ ರಾತ್ರಿ

ಈ ಕಲಮುಗಳು ಮನೆಮಾತಾದದ್ದು 2024ರ ಮೇ 19ರ ನಸುಕಿನ ನಂತರ. ಪುಣೆಯ ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದನೆನ್ನಲಾದ ದುಬಾರಿ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಅದೇ ದಿನ, 18 ತುಂಬದವರ ಮೇಲಿನ ಆರೋಪಗಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿ ಕೊಟ್ಟ ಜಾಮೀನಿನ ಷರತ್ತುಗಳಲ್ಲಿ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧವೂ ಒಂದಾಗಿತ್ತು. ದೇಶವೇ ಸಿಡಿದೆದ್ದಿತು.

ಆ ಸಿಟ್ಟಿನಲ್ಲಿ ಒಂದು ಸಂಗತಿ ಮಸುಕಾಯಿತು. ಒಂದೇ ಘಟನೆ ಕಾನೂನಿನ ಕಣ್ಣಿಗೆ ಮೂರಾಗಿ ಒಡೆಯುತ್ತದೆ. ಹುಡುಗನದು ಬಾಲನ್ಯಾಯ ಮಂಡಳಿಗೆ ಹೋಯಿತು. ತಂದೆಯ ಮೇಲೆ 199ಎ ಮತ್ತು ಬಾಲನ್ಯಾಯ ಕಾಯ್ದೆಯ 75, 77ನೇ ಕಲಮುಗಳ ಆರೋಪ ಬಂತು. ಮದ್ಯ ಕೊಟ್ಟ ಆರೋಪದಲ್ಲಿ ಪಬ್ಬಿನವರ ಬಂಧನವಾಯಿತು. 2024ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟು ಹುಡುಗನನ್ನು ವೀಕ್ಷಣಾಲಯದಿಂದ (ಆರೋಪ ಹೊತ್ತ ಮಕ್ಕಳನ್ನು ಇರಿಸುವ ಸರ್ಕಾರಿ ನಿಲಯ) ಬಿಡಲು ಹೇಳಿತು. 16 ದಾಟಿದವರ ಮೇಲೆ ಘೋರ ಅಪರಾಧದ ಆರೋಪ ಇದ್ದರೆ ವಯಸ್ಕರಂತೆ ವಿಚಾರಣೆ ನಡೆಸಬಹುದೇ ಎಂದು ಮಂಡಳಿ ತೂಗಿ ನೋಡುವ ಅವಕಾಶ ಕಾಯ್ದೆಯಲ್ಲಿದೆ. 2025ರ ಜುಲೈನಲ್ಲಿ ಮಂಡಳಿ ಪೊಲೀಸರ ಆ ಕೋರಿಕೆಯನ್ನು ಒಪ್ಪಲಿಲ್ಲ.

ಹೊತ್ತು ಮೀರಿ ಹೊರಗಿದ್ದ ಎಂಬ ಆರೋಪ ಈ ಇಡೀ ಪ್ರಕರಣದಲ್ಲಿ ಎಲ್ಲೂ ಇಲ್ಲ, ಏಕೆಂದರೆ ಅಂಥ ಅಪರಾಧವೇ ಇಲ್ಲ. ಇದ್ದದ್ದು ಗಾಡಿಯ, ಮದ್ಯದ, ಸಾವಿನ ಪ್ರಶ್ನೆ.

ನಾಕಾಬಂದಿಯಲ್ಲಿ ತಡೆದರೆ

ಪೊಲೀಸರು ರಸ್ತೆಗೆ ಅಡ್ಡಗಟ್ಟಿ ತಪಾಸಣೆ ಮಾಡುವ ಶನಿವಾರ ರಾತ್ರಿಯ ನಾಕಾಬಂದಿ ಮುಂಬಯಿಗೆ ಹೊಸದಲ್ಲ. ನಡೆದು ಬರುವ ಹುಡುಗನನ್ನು ಪೊಲೀಸರು ನಿಲ್ಲಿಸಿ ಎಲ್ಲಿಂದ, ಎಲ್ಲಿಗೆ ಎಂದು ಕೇಳಬಹುದು. ಮನೆಗೆ ಫೋನ್ ಹಚ್ಚಬಹುದು. ಚಿಕ್ಕ ಮಗುವಾದರೆ ಮನೆಯವರೆಗೆ ಬಿಟ್ಟು ಬರುವುದೂ ಉಂಟು. ಇದು ಕಾಳಜಿ, ಬಂಧನವಲ್ಲ.

ಮಗು ದಾರಿ ತಪ್ಪಿದೆ, ಮನೆ ಬಿಟ್ಟು ಬಂದಿದೆ ಎನಿಸಿದರೆ ದಾರಿ ಬೇರೆ. ಆಗ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ದೂರದೂರಿನಿಂದ ಬಂದು ಸಿಎಸ್‌ಎಂಟಿ, ಕುರ್ಲಾ ಟರ್ಮಿನಸ್‌ನಲ್ಲಿ ಇಳಿಯುವ ಒಂಟಿ ಮಕ್ಕಳನ್ನು ರೈಲ್ವೆ ಪೊಲೀಸರು ತಡೆಯುವುದು ಇದಕ್ಕೇ. ಅಪರಾಧದ ಆರೋಪ ಇದ್ದರೆ ಅದೇ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ. ಎರಡರಲ್ಲೂ ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ, ತಂದೆತಾಯಿಗೆ ತಿಳಿಸಲೇಬೇಕು. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪಗಳಲ್ಲಿ, ಅಪರಾಧದಲ್ಲಿ ದೊಡ್ಡವರೂ ಪಾಲುಗೊಂಡಿರದಿದ್ದರೆ, ಎಫ್‌ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಿ ಬರೆದುಕೊಳ್ಳಬೇಕೆಂದು ಬಾಲನ್ಯಾಯ ನಿಯಮಗಳು ಹೇಳುತ್ತವೆ. ಸಾಕ್ಷಿ ಹೇಳಿಸಲು 15ರ ಕೆಳಗಿನ ಹುಡುಗನನ್ನು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಹುಡುಗಿಯರಿಗೆ, ಹೆಂಗಸರಿಗೆ ವಯಸ್ಸಿನ ಮಿತಿಯಿಲ್ಲದೆ ಇದೇ ನಿಯಮ.

ತಪ್ಪು ಸಾಬೀತಾದ ಮೇಲೆ ಮಂಡಳಿ ಬುದ್ಧಿ ಹೇಳಿ ಕಳಿಸಬಹುದು, ಸಮಾಜಸೇವೆ ಮಾಡಿಸಬಹುದು, ಮಗುವಿಗೋ ಹೆತ್ತವರಿಗೋ ದಂಡ ಹಾಕಬಹುದು. 'ದಂಡ ತಂದೆತಾಯಿ ಕಟ್ಟಬೇಕು' ಎಂಬ ಲಿಫ್ಟಿನ ಸಾಲಿನಲ್ಲಿ ಅಷ್ಟೋ ಇಷ್ಟೋ ಸತ್ಯ ಇದ್ದರೆ ಅದು ಇಷ್ಟೇ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಆಗುವುದಿಲ್ಲ. 7ರಿಂದ 12ರವರೆಗೆ, ಮಾಡಿದ್ದರ ಅರ್ಥ ತಿಳಿಯುವ ಬುದ್ಧಿ ಬಂದಿತ್ತೇ ಎಂದು ನೋಡುತ್ತಾರೆ.

ಮಗು ಬರಬೇಕಾದ ಹೊತ್ತಿಗೆ ಬರಲಿಲ್ಲ ಎಂದಾದರೆ 24 ಗಂಟೆ ಕಾಯಬೇಕು ಎಂಬ ಹಳೆಯ ಮಾತನ್ನು ನಂಬಬೇಡಿ. ಕಾಣೆಯಾದ ಮಗುವಿನ ದೂರು ಬಂದರೆ ಅಪಹರಣವೋ ಕಳ್ಳಸಾಗಣೆಯೋ ಇರಬಹುದೆಂದೇ ಎಣಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098.

ಸೊಸೈಟಿ, ಹಾಸ್ಟೆಲ್, ಹಳ್ಳಿ

ಸೊಸೈಟಿಗೆ ಅಧಿಕಾರವೇ ಇಲ್ಲವೇ? ಇದೆ, ತನ್ನ ಜಾಗದ ಮೇಲೆ. ಆಟದ ಮೈದಾನದ ದೀಪ ಒಂಬತ್ತಕ್ಕೆ ಆರಿಸಬಹುದು, ಕ್ಲಬ್‌ಹೌಸಿಗೆ ಬೀಗ ಹಾಕಬಹುದು, ಗೇಟಿನಲ್ಲಿ ರಿಜಿಸ್ಟರ್ ಇಡಬಹುದು. ಸದಸ್ಯರ ಮಗುವನ್ನು ಗೇಟಿನಲ್ಲಿ ತಡೆದು ನಿಲ್ಲಿಸುವುದು, ರಸ್ತೆಯಲ್ಲಿ ಕಂಡದ್ದಕ್ಕೆ ದಂಡ ಬರೆಯುವುದು ಅದರ ಕೈಯಲ್ಲಿಲ್ಲ. ಪುಣೆಯ ಹಾಸ್ಟೆಲು, ಪೇಯಿಂಗ್ ಗೆಸ್ಟ್ ಮನೆಗಳ 'ಒಂಬತ್ತೂವರೆಗೆ ಬಾಗಿಲು' ನಿಯಮ ನೀವು ಸೇರುವಾಗ ಒಪ್ಪಿಕೊಂಡ ಕರಾರು. ಅದನ್ನು ಮುರಿದರೆ ವಾರ್ಡನ್ ಮನೆಗೆ ಫೋನ್ ಮಾಡಬಹುದು, ಪೊಲೀಸರಿಗೆ ಅದರಲ್ಲಿ ಕೆಲಸವಿಲ್ಲ.

ದಂಡವೇ ಇಲ್ಲದೆ ನಡೆಯುವ ಗಡಿಯಾರವೂ ಉಂಟು. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ. ಮನೆಮನೆಯಲ್ಲಿ ಟಿವಿ, ಮೊಬೈಲು ಆರುತ್ತವೆ, ಮಕ್ಕಳು ಓದಲು ಕೂರುತ್ತಾರೆ, ಒಂದೂವರೆ ಗಂಟೆಯ ಬಳಿಕ ಮತ್ತೆ ಶುರು. ಊರವರು ಕೂಡಿ ಮಾಡಿಕೊಂಡ ಒಪ್ಪಂದ ಅದು. ಓದಲು ಕೂರುವ ಮಕ್ಕಳಿಗಾಗಿ ದೊಡ್ಡವರೂ ಟಿವಿ ಆರಿಸಬೇಕು ಎಂಬುದು ನನಗೆ ಅದರಲ್ಲಿ ಹಿಡಿಸಿದ ಭಾಗ.

ನಾನು ಇಷ್ಟನ್ನೂ ಮೂರನೇ ಮಹಡಿಗೆ ಹೋಗಿ ಹೇಳಿದೆ. ತಾಯಿ ಕೇಳಿಸಿಕೊಂಡು, ಸೊಸೈಟಿಯ ಸೆಕ್ರೆಟರಿಗೆ ಒಂದು ಸಾಲಿನ ಚೀಟಿ ಬರೆದರು: ನೋಟಿಸಿನಲ್ಲಿ ಹೇಳಿದ ಕಾನೂನಿನ ಹೆಸರು ಮತ್ತು ಕಲಮು ದಯವಿಟ್ಟು ತಿಳಿಸಿ. ಉತ್ತರ ಬರಲಿಲ್ಲ. ಘಟಸ್ಥಾಪನೆಯ ದಿನ ಲಿಫ್ಟಿನಲ್ಲಿ ಹಾಳೆ ಬದಲಾಗಿತ್ತು. 'ರಾತ್ರಿ 10ಕ್ಕೆ ಸ್ಪೀಕರ್ ಬಂದ್. ಕಂಪೌಂಡಿನೊಳಗೆ ಮಕ್ಕಳು ಗಾಡಿ ಓಡಿಸಬಾರದು.' ಹುಡುಗ ಎಂದಿನಂತೆ ಹತ್ತೂವರೆಗೆ ಬಂದ. ವಾಚ್‌ಮನ್ ರಿಜಿಸ್ಟರಿನಲ್ಲಿ ಹೊತ್ತು ಬರೆದುಕೊಂಡ.

ಬಾಗಿಲ ಹಿಂದಿನ ಮೊಳೆಯಲ್ಲಿ ಈಗ ಎರಡೇ ಚಾವಿ ತೂಗುತ್ತಿವೆ.